ಒರೆಗಲ್ಲಿನ ವಿಮರ್ಶೆ, ಅಡಿಗಲ್ಲಿನ ಓದು

ಐರಣಿಯ ನನ್ನ ಅಜ್ಜಿಯ ಬೆಳ್ಳಿ ಕಡಗವೊಂದನ್ನು ಕಳೆದ ವರ್ಷ ಪೇಟೆಯ ಅಂಗಡಿಯೊಂದಕ್ಕೆ ಒಯ್ದಿದ್ದೆ. ಫೆಲೋಶಿಪ್ ಹಣ ಬಾರದೆ ತಿಂಗಳುಗಳಾಗಿದ್ದವು. ಅಂಗಡಿಯವರು ಅದನ್ನು ಕಲ್ಲಿಗೆ ಉಜ್ಜಿದರು, ತಕ್ಕಡಿಗೆ ಇಟ್ಟರು, ಬೆಲೆ ಹೇಳಿದರು. ‘ಕೆಲಸದ್ದು?’ ಎಂದೆ. ‘ಕರಗಿಸೋ ಮಾಲಿಗೆ ಕೆಲಸದ ಲೆಕ್ಕ ಎಲ್ಲೀದು?’ ಎಂದರು. ಸಿಟ್ಟಿನಲ್ಲಿ ವಾಪಸು ತಂದೆ. ಅಂದು ರಾತ್ರಿ ನನ್ನ ಸಂಶೋಧನೆಯ ಕರಡು ತೆರೆದರೆ, ವಚನಕಾರರ ಕಾಯಕದ ಮೇಲಿನ ಒಂದೇ ಅಧ್ಯಾಯದಲ್ಲಿ ‘ಒರೆಗೆ ಹಚ್ಚಿದಾಗ’ ಎಂಬ ಮಾತು ಏಳು ಸಲ ಬಂದಿತ್ತು. ನಾನು ಮಾಡುತ್ತಿದ್ದದ್ದೂ ಅಂಗಡಿಯ ಕೆಲಸವೇ.

ಕನ್ನಡ ವಿಮರ್ಶೆ ಅಕ್ಕಸಾಲಿಗನಿಂದ ಒರೆಗಲ್ಲನ್ನು ತೆಗೆದುಕೊಂಡಿತು, ಸುತ್ತಿಗೆಯನ್ನು ಅಲ್ಲೇ ಬಿಟ್ಟಿತು. ಇದಕ್ಕೆ ಹಳೆಯ ಬೇರುಗಳಿವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚಿನ್ನದ ಕಾರ್ಯಾಗಾರದ ಹೆಸರು ಅಕ್ಷಶಾಲೆ. ಆ ಪ್ರಕರಣಗಳಲ್ಲಿ ಒರೆ ನೋಡುವ ಕ್ರಮಕ್ಕೂ ಕಳ್ಳತನದ ಬಗೆಗಳಿಗೂ ಸಿಕ್ಕಿದ ಜಾಗ ದೊಡ್ಡದು. ಅಕ್ಕಸಾಲಿಗ ಒಡಹುಟ್ಟಿದವಳ ಚಿನ್ನವನ್ನೂ ಬಿಡನೆಂದು ನಮ್ಮ ಗಾದೆ ಹೇಳುತ್ತದೆ. ನಮ್ಮ ಜಿಲ್ಲೆಯವನೇ ಎನ್ನಲಾಗುವ ಸರ್ವಜ್ಞನ ತ್ರಿಪದಿಯಲ್ಲೂ ಅವನು ಕಳ್ಳನೇ. ಲೋಹ ಶುದ್ಧವೋ, ತೂಕ ಸರಿಯೋ ಎಂಬ ಅನುಮಾನವೇ ಇಲ್ಲೆಲ್ಲ ಮುಂದೆ ನಿಲ್ಲುತ್ತದೆ. ಅವನ ಕೈ ಏನು ಮಾಡುತ್ತಿತ್ತು ಎಂದು ಯಾರೂ ಕೇಳುವುದಿಲ್ಲ.

ಕಿನ್ನರಿ ಬೊಮ್ಮಯ್ಯನನ್ನೇ ನೋಡಿ. ಪರಂಪರೆ ಅವನನ್ನು ಅಕ್ಕಸಾಲಿಗನೆನ್ನುತ್ತದೆ. ಆದರೆ ಹೆಸರಿನಲ್ಲಿ ಉಳಿದದ್ದು ಕಿನ್ನರಿ ವಾದ್ಯ. ಅಂಕಿತದಲ್ಲಿ ಉಳಿದದ್ದು ತ್ರಿಪುರಾಂತಕ. ಶೂನ್ಯಸಂಪಾದನೆಯಲ್ಲಿ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಪರೀಕ್ಷಿಸುವವನು ಅವನೇ. ಅಕ್ಕಸಾಲಿಗನಿಗೆ ಅಲ್ಲಿ ಸಿಕ್ಕ ಪಾತ್ರವೂ ಒರೆ ಹಚ್ಚುವುದು! ಐರಣಿಯಿಂದ ತುಂಗಭದ್ರೆಯ ಗುಂಟ ಕೆಳಗೆ ಹೋದರೆ ಚೌಡಯ್ಯದಾನಪುರ. ಅಲ್ಲಿಯ ಅಂಬಿಗರ ಚೌಡಯ್ಯ ತನ್ನ ಕಾಯಕ ಮತ್ತು ಹೆಸರನ್ನೇ ಅಂಕಿತ ಮಾಡಿಕೊಂಡ. ಹುಟ್ಟು ಹಾಕುವ ಕೈ ವಚನದಲ್ಲಿ ಉಳಿಯಿತು, ಸುತ್ತಿಗೆ ಹಿಡಿದ ಕೈ ಉಳಿಯಲಿಲ್ಲ.

ಆ ಕೈಯನ್ನು ನೋಡಬೇಕೆಂದು ರಾಣೆಬೆನ್ನೂರು ಕಡೆಯ ಹಿರಿಯ ಕೆಲಸಗಾರರೊಬ್ಬರ ಮುಂದೆ ಎರಡು ದಿನ ಕೂತೆ. ಬೆಳ್ಳಿ ಕರಗಲು ಸುಮಾರು 962 ಡಿಗ್ರಿ ಶಾಖ ಬೇಕು. ಮೂಸೆಯಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು, ಸಲಾಕೆ ಮಾಡಿಕೊಂಡರು. ಆಮೇಲೆ ಅಡಿಗಲ್ಲಿನ ಮೇಲೆ ಹೊರಳಿಸುತ್ತ ಬಡಿದರು. ಬಡಿದಷ್ಟೂ ಬೆಳ್ಳಿ ಬಿರುಸಾಗುತ್ತದೆ, ಸದ್ದೂ ಬದಲಾಗುತ್ತದೆ. ಅದನ್ನು ಕೇಳದೆ ಇನ್ನೂ ಬಡಿದರೆ ಅಂಚು ಸೀಳುತ್ತದೆ. ಆಗ ಮತ್ತೆ ಒಲೆಗೆ. ಮಂದ ಕೆಂಪು ಕಂಡೊಡನೆ ತೆಗೆದು ನೀರಿಗೆ. ಆ ಕೆಂಪು ಕಣ್ಣಿಗೆ ಸರಿಯಾಗಿ ಕಾಣಲೆಂದೇ ಕೋಣೆಯನ್ನು ಅರೆಗತ್ತಲೆಯಲ್ಲಿ ಇಟ್ಟಿದ್ದರು. ಹೀಗೆ ಬಡಿದು, ಕಾಯಿಸಿ, ಬಡಿದು, ಕೊನೆಗೆ ದುಂಡು ಕೋಲಿನ ಮೇಲೆ ಮರದ ಕೊಡತಿಯಿಂದ ಬಗ್ಗಿಸಿದರು. ಕಬ್ಬಿಣದ್ದಾದರೆ ಮೈಮೇಲೆ ಕಲೆ ಬೀಳುತ್ತದೆ. ಅರದಿಂದ ಅಂಚು ತೀಡಿ, ಹುಣಸೆ ನೀರಿನಲ್ಲಿ ತೊಳೆದು, ನುಣುಪು ಉಕ್ಕಿನಿಂದ ಒತ್ತಿ ಉಜ್ಜಿದರು. ಕೊನೆಯ ಬಿರುಸನ್ನು ಮಾತ್ರ ಕಾಯಿಸಿ ಕಳೆಯಲಿಲ್ಲ. ಅದಿದ್ದರೇ ಬಾಯಿ ತೆರೆದ ಕಡಗ ಮಣಿಕಟ್ಟಿಗೆ ಏರಿ ಮತ್ತೆ ಕೂಡಿಕೊಳ್ಳುವುದು.

ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಶ್ವೇತಕೇತುವಿಗೆ ಚಿನ್ನದ ಉದಾಹರಣೆ ಕೊಡುತ್ತಾನೆ: ಚಿನ್ನವೇ ಸತ್ಯ, ಅದರ ವಿಕಾರಗಳು ಬರಿಯ ಹೆಸರು. ತತ್ತ್ವಕ್ಕೆ ಈ ಮಾತು ಸಲ್ಲಬಹುದು. ಆದರೆ ಅಡಿಗಲ್ಲಿನ ಬಳಿ ಕೂತವರಿಗೆ ಇದು ಅರ್ಧ ಮಾತು. ಒಂದೇ ಬೆಳ್ಳಿ ಎರಕದಲ್ಲಿ ಮೆದು, ಬಡಿತದಲ್ಲಿ ಪುಟಿಯುವಂಥದ್ದು. ಬಡಿತ ಲೋಹಕ್ಕೆ ಹೊರಗಿನಿಂದ ಆಕಾರ ತೊಡಿಸಿ ಸುಮ್ಮನಾಗುವುದಿಲ್ಲ, ಅದರ ಒಳಗುಣವನ್ನೇ ಬದಲಿಸುತ್ತದೆ. ಒರೆಗಲ್ಲಿಗೆ ಇದು ಕಾಣುವುದಿಲ್ಲ. ಎರಡೂ ಅದರ ಮೇಲೆ ಒಂದೇ ಗೆರೆ ಬರೆಯುತ್ತವೆ.

ಆಶಯ, ಆಕೃತಿ ಎಂದು ನಾವು ಪದ್ಯವನ್ನು ಬಿಡಿಸಿ ಓದುತ್ತೇವೆ. ಆಶಯ ಲೋಹ, ಆಕೃತಿ ಕಡಗ ಎಂಬ ನಂಬಿಕೆ ಇದರ ಹಿಂದಿದೆ. ವಚನದಿಂದ ‘ಸಮಾನತೆ’ಯನ್ನು ಕರಗಿಸಿ ತೆಗೆದು ತೂಗುವವರು ಅದು ಎಂಥ ನುಡಿಯ ಪೆಟ್ಟಿನಲ್ಲಿ ಗಟ್ಟಿಯಾಯಿತು ಎಂಬುದನ್ನು ಕಳೆದುಕೊಳ್ಳುತ್ತಾರೆ. ಚೌಡಯ್ಯನ ಒರಟುತನವನ್ನು ‘ಶೈಲಿ’ ಎಂದು ಒಂದು ಸಾಲಿನಲ್ಲಿ ಮುಗಿಸಿದವನು ನಾನೇ. ಆ ಒರಟು ತೆಗೆದರೆ ಅವನ ವಿಚಾರ ಮಣಿಕಟ್ಟಿನ ಮೇಲೆ ನಿಲ್ಲದು.

ಒರೆಗಲ್ಲು ಬೇಡವೆಂದಲ್ಲ, ಖೊಟ್ಟಿ ಮಾಲು ಸಾಹಿತ್ಯದಲ್ಲೂ ಉಂಟು. ಆದರೆ ಒರೆ ನೋಡಿದ ಮೇಲೆ ಓದು ಶುರುವಾಗಬೇಕು, ಅಲ್ಲಿಗೇ ಮುಗಿಯಬಾರದು. ಮರಾಠಿಯಲ್ಲಿ ಅಡಿಗಲ್ಲಿಗೆ ‘ಐರಣ’ ಎನ್ನುತ್ತಾರೆ. ನಮ್ಮೂರ ಹೆಸರಿಗೂ ಅದಕ್ಕೂ ನಂಟು ಹೊಸೆಯಲಾರೆ, ಆದರೂ ಕರಡು ತಿದ್ದಲು ಕೂತಾಗೆಲ್ಲ ಅದು ನೆನಪಾಗುತ್ತದೆ. ಏಳು ‘ಒರೆ’ಗಳಲ್ಲಿ ಐದನ್ನು ಹೊಡೆದುಹಾಕಿದ್ದೇನೆ. ಅಜ್ಜಿಯ ಕಡಗ ಮೇಜಿನ ಮೇಲಿದೆ. ಅದರ ಒಳಮೈಯಲ್ಲಿ, ಉಜ್ಜಿದವರ ಕೈ ತಲುಪದ ಕಡೆ, ಸುತ್ತಿಗೆಯ ಸಣ್ಣ ಗುರುತುಗಳು ಇನ್ನೂ ಬೆರಳಿಗೆ ಸಿಗುತ್ತವೆ.