ಹೆರೆದು ತಿನ್ನುವವರ ಊಟ

ಅಂಗಡಿಯವರು ಬ್ರಿಸಲ್‌ನೋಸ್ ಪ್ಲೆಕೊ ಮಾರುವಾಗ ಹೇಳುವ ಹೆಗ್ಗಳಿಕೆ ಒಂದೇ: ಗಾಜಿಗೆ ಹತ್ತಿದ ಪಾಚಿ ತಿಂದು ತೊಟ್ಟಿಯನ್ನು ಚೊಕ್ಕಟವಾಗಿಡುತ್ತದೆ. ಮಾತು ಸುಳ್ಳಲ್ಲ. ಆದರೆ ಕೆಲಸದಾಳಿನಂತೆ ಮನೆಗೆ ಬರುವ ಈ ಮೀನಿಗೆ ತನ್ನದೇ ನಾಲಿಗೆರುಚಿ ಉಂಟು, ಊಟದ ಶಿಸ್ತು ಉಂಟು. ಅದನ್ನು ಕಾಣಬೇಕಾದರೆ ಸಂಜೆ ದೀಪ ಆರಿಸುವ ಹೊತ್ತಿಗೆ ಒಂದು ಬಿಲ್ಲೆ ಸೌತೆಕಾಯಿಯನ್ನು ನೀರಿಗಿಳಿಸಬೇಕು.

ಎಳೆಕಾಯಿಯೇ ಆಗಬೇಕು. ಚೆನ್ನಾಗಿ ತೊಳೆದು, ತುದಿ ಕೊಯ್ದು ಕಹಿ ನೋಡಿ, ಬೆರಳು ದಪ್ಪದ ಬಿಲ್ಲೆ ಮಾಡಿಕೊಳ್ಳಬೇಕು. ಹಸಿಯದು ತೇಲುತ್ತದೆ, ಸ್ಟೀಲಿನ ಫೋರ್ಕ್ ಚುಚ್ಚಿದರೆ ತಳ ಸೇರುತ್ತದೆ. ಝುಕಿನಿ, ಸಿಹಿಕುಂಬಳ, ಗೆಣಸುಗಳನ್ನು ಉಪ್ಪು ಹಾಕದ ನೀರಿನಲ್ಲಿ ಕುದಿಸಿ ಮೆತ್ತಗಾಗಿಸಿದರೆ ಒಳ್ಳೆಯದು. ಗೆಣಸಿಗೆ ಹೆಚ್ಚು ಹೊತ್ತು ಬೇಕು. ಪಾಲಕ್ ಎಲೆಗೆ ಕುದಿನೀರಿನಲ್ಲೊಂದು ಮುಳುಗು ಸಾಕು. ಬಟಾಣಿಯ ಸಿಪ್ಪೆ ಸುಲಿದು ಹಾಕಬೇಕು.

ಹಗಲೆಲ್ಲ ಮರದ ತುಂಡಿನಡಿ ಅಡಗಿರುವ ಮೀನು ಕತ್ತಲಾಗುತ್ತಲೇ ಹೊರಡುತ್ತದೆ. ಹಗಲಿನಲ್ಲಿ ಅದರ ಕಣ್ಣಿನೊಳಗೆ ಮೇಲಿನಿಂದ ಒಂದು ಪುಟ್ಟ ಪರದೆ ಇಳಿದು, ಕಣ್ಣಪಾಪೆ ಬರೀ ಕಮಾನಿನಷ್ಟೇ ಉಳಿದಿರುತ್ತದೆ. ಬೆಳಕು ಕುಂದಿದಂತೆ ಆ ಪರದೆ ಕುಗ್ಗಿ ಪಾಪೆ ದುಂಡಗಾಗುತ್ತದೆ. ಗಂಡಾದರೆ ಮೂತಿಯ ತುಂಬ ಕವಲೊಡೆದ ಮೀಸೆಗಳು. ಒಂದು ಕಲ್ಲಿಗೆ ಅಂಟಿ, ತುಸು ನಿಂತು, ಇನ್ನೊಂದಕ್ಕೆ ಜಿಗಿದು, ವಾಸನೆಯ ಜಾಡು ಹಿಡಿದು ಬಂದು ಬಿಲ್ಲೆಯ ಮೇಲೆ ಮೈಚೆಲ್ಲಿ ಕೂರುತ್ತದೆ. ಆಮೇಲೆ ಬೇರೆ ಮೀನು ಹತ್ತಿರ ಸುಳಿದರೆ ಬಾಲದ ಒಂದು ಏಟು.

ಬಾಯಿ ಇರುವುದು ಮೈಯ ಅಡಿಯಲ್ಲಿ. ದುಂಡನೆಯ ತುಟಿಗಳ ತುಂಬ ಸಣ್ಣ ಗುಳ್ಳೆಗಳು, ತುಟಿಗಳ ನಡುವೆ ಸೂಕ್ಷ್ಮವಾದ ಹಲ್ಲುಗಳ ಸಾಲು. ಪ್ರತಿ ಹಲ್ಲಿನ ತುದಿ ಒಳಕ್ಕೆ ಬಾಗಿ ಎರಡಾಗಿ ಸೀಳಿದೆ. ಕೆಳದವಡೆಯ ಎಡಬಲ ಭಾಗಗಳು ಬೇರೆಬೇರೆಯಾಗಿ ಆಡಬಲ್ಲವು. ಹಾಗಾಗಿ ಬಿಲ್ಲೆ ಎಷ್ಟು ಉಬ್ಬುತಗ್ಗಾಗಿದ್ದರೂ ಹಲ್ಲು ಅದಕ್ಕೆ ಹೊಂದಿ ಕೂರುತ್ತದೆ. ತುರಿಮಣೆಯ ಮೇಲೆ ತೆಂಗಿನಹೋಳು ಆಡುತ್ತದೆ; ಇಲ್ಲಿ ಹೋಳು ಸುಮ್ಮನಿದ್ದು ತುರಿಮಣೆಯೇ ಆಡುತ್ತದೆ. ಇಷ್ಟೆಲ್ಲ ನಡೆಯುವಾಗಲೂ ತುಟಿಯ ಹಿಡಿತ ಸಡಿಲವಾಗದು, ಉಸಿರಾಟವೂ ನಿಲ್ಲದು.

ಬೆಳಿಗ್ಗೆ ಉಳಿದದ್ದನ್ನು ಎತ್ತಿ ನೋಡುವುದೂ ಒಂದು ಸುಖ. ಸೌತೆಕಾಯಿಯಲ್ಲಿ ಮೊದಲು ಖಾಲಿಯಾಗುವುದು ಬೀಜದ ಸುತ್ತಲಿನ ಮೆದು ತಿರುಳು, ಆಮೇಲೆ ತುಸು ಗಟ್ಟಿಯ ಭಾಗ. ಕೊನೆಗೆ ಹಸಿರು ಸಿಪ್ಪೆಯ ಬಳೆಯೊಂದೇ ಉಳಿಯುತ್ತದೆ. ಗೆಣಸಿನ ಮೇಲೆ ಹಲ್ಲು ಎಳೆದ ಗೀರುಗಳು ಸಾಲಾಗಿ ಕಾಣುತ್ತವೆ. ತಳದಲ್ಲಿ ಉದ್ದುದ್ದ ಎಳೆಯಾಗಿ ಬಿದ್ದ ಹಿಕ್ಕೆಗೂ ತಿಂದ ತರಕಾರಿಯದೇ ಬಣ್ಣ: ಪಾಲಕ್ ಕೊಟ್ಟರೆ ಹಸಿರು, ಕುಂಬಳ ಕೊಟ್ಟರೆ ಕಿತ್ತಳೆ. ಸುರುಳಿ ಸುತ್ತಿದ ನೀಳ ಕರುಳು ಸಸ್ಯಾಹಾರಕ್ಕೆಂದೇ ಆದದ್ದು. ಮಿಕ್ಕ ಚೂರನ್ನು ಮಾತ್ರ ಆಗಲೇ ತೆಗೆಯಬೇಕು; ಕೊಳೆತರೆ ನೀರು ಕೆಡುತ್ತದೆ.

ದಕ್ಷಿಣ ಅಮೆರಿಕದ ಹೊಳೆಗಳಲ್ಲಿ ಹರಡಿರುವ ಈ ಬಳಗ, ಲೋರಿಕಾರಿಡೇ, ಬಹಳ ದೊಡ್ಡದು. ಹೆಸರಿಡುವ ಮೊದಲೇ ಹೊಸಹೊಸ ಮೀನುಗಳು ಮಾರುಕಟ್ಟೆಗೆ ಬರತೊಡಗಿದಾಗ ಜರ್ಮನಿಯ 'ಡಾಟ್ಸ್' ಪತ್ರಿಕೆ 1988ರಲ್ಲಿ ಅವಕ್ಕೆ ಎಲ್-ಸಂಖ್ಯೆ ಕೊಡಲು ಆರಂಭಿಸಿತು. ಎಲ್ಲದರ ರುಚಿಯೂ ಒಂದೇ ಅಲ್ಲ. ಪನಾಕೆ ಎಂಬ ಮೀನು ಮರವನ್ನೇ ಕೆರೆಯುತ್ತದೆ. ಬ್ರೆಜಿಲಿನ ಶಿಂಗು ನದಿಯ ಕಪ್ಪುಬಿಳಿ ಪಟ್ಟೆಯ ಜೀಬ್ರಾ ಪ್ಲೆಕೊಗೆ ಮಾಂಸಾಹಾರವೇ ಹೆಚ್ಚು ಪ್ರಿಯ; ಸೌತೆಕಾಯಿ ಇಟ್ಟು ಕಾದರೆ ಅದು ಹಸಿದೇ ಇರುತ್ತದೆ. ಇದೇ ಬಳಗದ, ನಮ್ಮ ಅಂಗಡಿಗಳಲ್ಲಿ ಸಕ್ಕರ್ ಎಂದು ಮಾರುವ ಬೆರಳುದ್ದದ ಮರಿ ಬೆಳೆದು ಒಂದಡಿ ಮೀರುತ್ತದೆ. ಸಾಕಲಾರದವರು ಅದನ್ನು ಕೆರೆಗೆ ಬಿಡಬಾರದು. ಹಾಗೆ ಬಿಟ್ಟವು ಭಾರತದ ನೀರಿನಲ್ಲಿ ಈಗಾಗಲೇ ಬೇರೂರಿವೆ.

ಬ್ರಿಸಲ್‌ನೋಸ್ ಸಂಸಾರ ಹೂಡಿದರಂತೂ ಹಬ್ಬ. ತೆಂಗಿನ ಚಿಪ್ಪಿನ ಗವಿಯಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳ ಗೊಂಚಲಿಗೆ ಗಂಡೇ ಕಾವಲುಗಾರ. ರೆಕ್ಕೆ ಬೀಸಿ ನೀರಾಡಿಸುತ್ತ ಮರಿಗಳು ಹೊರಡುವವರೆಗೂ ಜಾಗ ಬಿಡದು. ಹೊಟ್ಟೆಯ ಹಳದಿ ಚೀಲ ಕರಗಿದೊಡನೆ ಮರಿಗಳು ಹೊರಬಿದ್ದು ಒಂದೇ ಝುಕಿನಿ ಬಿಲ್ಲೆಯ ಸುತ್ತ ಪಂಕ್ತಿ ಕೂರುತ್ತವೆ. ಅಕ್ಕಿಕಾಳಿಗಿಂತ ತುಸು ದೊಡ್ಡ ಆ ಜೀವಗಳಿಗೆ ಯಾರೂ ಪಾಠ ಹೇಳಿಲ್ಲ, ಆದರೂ ಹೆರೆಯುವ ವಿದ್ಯೆ ಆಗಲೇ ಪೂರ್ತಿಯಾಗಿ ಬಂದಿದೆ. ಪಾಚಿ ಹೋಗಲೆಂದು ಇವನ್ನು ತಂದವರು ತರಕಾರಿ ಕೊಳ್ಳುವಾಗ ಇವುಗಳ ಪಾಲನ್ನೂ ಎಣಿಸಿಕೊಳ್ಳಲಿ. ಗಾಜು ಚೊಕ್ಕಟವಾಗುವುದು ಸಣ್ಣ ಲಾಭ. ಒಂದು ಜೀವ ತನಗೆ ಒಗ್ಗುವ ಊಟವನ್ನು ತನ್ನದೇ ರೀತಿಯಲ್ಲಿ ತೃಪ್ತಿಯಾಗಿ ಉಣ್ಣುವುದನ್ನು ಹತ್ತಿರದಿಂದ ನೋಡುವ ಭಾಗ್ಯ ಅದಕ್ಕಿಂತ ಬಹಳ ದೊಡ್ಡದು.