ಎರವಲು ಗ್ರಂಥದ ಧರ್ಮ: ರೋಮ್ ನಗರದ ತುಚ್ಚಿ ಭಂಡಾರವೂ ಮುಂಡಗೋಡದ ವಿದ್ಯಾಪೀಠಗಳೂ

ಪರರ ಕೈ ಸೇರಿದ ಪುಸ್ತಕವು ಹೋದಂತೆಯೇ ಸರಿ, ದೈವವಶಾತ್ ಮರಳಿದರೂ ಹರಿದು ಕೆಟ್ಟು ಮರಳುವದೆಂಬ ಅಭಿಪ್ರಾಯದ ಸುಭಾಷಿತವು ಸಂಸ್ಕೃತ ಪಾಠಶಾಲೆಗಳ ಬಾಲಕರಿಗೂ ಕಂಠಸ್ಥವಾಗಿರುವದು. ಗ್ರಂಥವನ್ನು ಕೈಯಿಂದಲೇ ಪ್ರತಿಮಾಡಿ ಉಳಿಸಬೇಕಾಗಿದ್ದ ಕಾಲದಲ್ಲಿ ಈ ಎಚ್ಚರಿಕೆಯು ಉಚಿತವೇ ಆಗಿದ್ದಿತು. ಆದರೂ ಪರಹಸ್ತಗತವಾದುದರಿಂದಲೇ ಉಳಿದುಬಂದ ಶಾಸ್ತ್ರಗ್ರಂಥಗಳು ಕಡಿಮೆಯಲ್ಲ. ಬೌದ್ಧಾಚಾರ್ಯನಾದ ಶಾಂತರಕ್ಷಿತನ ‘ತತ್ತ್ವಸಂಗ್ರಹ’ವು ಬೌದ್ಧ ವಿಹಾರಗಳು ಹಾಳಾದ ಮೇಲೆ ಜೈನ ಭಂಡಾರದಲ್ಲಿ ರಕ್ಷಿತವಾಗಿದ್ದು, ೧೯೨೬ರಲ್ಲಿ ಎಂಬಾರ್ ಕೃಷ್ಣಮಾಚಾರ್ಯರ ಸಂಪಾದಕತ್ವದಲ್ಲಿ ಬಡೋದೆಯಿಂದ ಅಚ್ಚಾಯಿತು. ಬೌದ್ಧನ ಗ್ರಂಥ, ಜೈನರ ಪೆಟ್ಟಿಗೆ, ವೈದಿಕ ಪಂಡಿತನ ಪರಿಶ್ರಮ: ಈ ಮೂರೂ ಕೂಡಿದುದರಿಂದ ಒಂದು ಮಹಾಗ್ರಂಥವು ಲೋಕಕ್ಕೆ ದೊರೆಯಿತು. ದೇವಋಣ, ಪಿತೃಋಣಗಳೊಡನೆ ಹೇಳಲ್ಪಟ್ಟಿರುವ ಋಷಿಋಣವು ಅಧ್ಯಯನದಿಂದಲೇ ತೀರತಕ್ಕದ್ದು. ಎರವಲು ತಂದ ಗ್ರಂಥದ ಋಣವೂ ಅದೇ ಜಾತಿಯದು. ಈ ದೃಷ್ಟಿಯಿಂದ ಇಟಲಿಯ ಒಂದು ಪ್ರಸಿದ್ಧ ಭಂಡಾರವನ್ನು ಪರೀಕ್ಷಿಸುವದು ಕನ್ನಡ ವಿದ್ವಾಂಸರಿಗೆ ಪ್ರಯೋಜನಕರವಾಗಿದೆ. ಏಕೆಂದರೆ ಆ ಭಂಡಾರದ ಗ್ರಂಥಗಳನ್ನು ಓದಬಲ್ಲ ಗುರುಗಳು ಈಗ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ನೆಲೆಸಿದ್ದಾರೆ.

೧. ಭಂಡಾರವೂ ಅದರ ಸೂಚಿಯೂ

ಜುಸೆಪ್ಪೆ ತುಚ್ಚಿಯು (೧೮೯೪–೧೯೮೪) ಇಟಲಿಯ ಮಾಚೆರಾತಾ ಪಟ್ಟಣದವನು. ೧೯೨೫ರಲ್ಲಿ ಹಿಂದೂಸ್ಥಾನಕ್ಕೆ ಬಂದು ಶಾಂತಿನಿಕೇತನ, ಕಲಕತ್ತೆಗಳಲ್ಲಿ ಅಧ್ಯಾಪನ ಮಾಡಿದನು. ತರುವಾಯ ೧೯೪೮ರವರೆಗೆ ಹಲವು ಬಾರಿ ಟಿಬೆಟ್ ಪ್ರಾಂತಗಳಲ್ಲಿ ಸಂಚರಿಸಿ ಪೋಥಿಗಳನ್ನು ಸಂಗ್ರಹಿಸಿದನು. ಆ ಪೋಥಿಗಳು ೧೯೩೩ರಲ್ಲಿ ಅವನೂ ಜೊವಾನಿ ಜೆಂತೀಲೆಯೂ ಕೂಡಿ ರೋಮಿನಲ್ಲಿ ಸ್ಥಾಪಿಸಿದ ಪ್ರಾಚ್ಯ ಸಂಸ್ಥೆಯ ಗ್ರಂಥಾಲಯವನ್ನು ಸೇರಿದವು. ಮುಸೊಲಿನಿಯ ಆಳಿಕೆಯ ರಾಜಕೀಯ ಉದ್ದೇಶಗಳೂ ಆ ಸಂಸ್ಥೆಯ ಪೋಷಣೆಯಲ್ಲಿ ಬೆರೆತಿದ್ದವೆಂಬುದನ್ನು ವಿಮರ್ಶಕನು ಮರೆಮಾಡಲಾಗದು. ಆ ಸಂಸ್ಥೆಯು ೧೯೯೫ರಲ್ಲಿ ಮತ್ತೊಂದು ಸಂಸ್ಥೆಯೊಡನೆ ಕೂಡಿಹೋಗಿ, ೨೦೧೦ರ ದಶಕದಲ್ಲಿ ಮುಚ್ಚಿಹೋಯಿತು. ಅದರ ಗ್ರಂಥಗಳು ಈಗ ರೋಮಿನ ರಾಷ್ಟ್ರೀಯ ಕೇಂದ್ರ ಗ್ರಂಥಾಲಯದ ಆಶ್ರಯದಲ್ಲಿವೆ.

ಈ ಟಿಬೆಟೀ ನಿಧಿಗೆ ಎಲೇನಾ ದೆ ರೋಸ್ಸಿ ಫಿಲಿಬೆಕ್ ಎಂಬ ವಿದುಷಿಯು ಸಿದ್ಧಪಡಿಸಿದ ಸೂಚಿಯ ಮೊದಲ ಸಂಪುಟವು ೧೯೯೪ರಲ್ಲಿಯೂ ಎರಡನೆಯದು ೨೦೦೩ರಲ್ಲಿಯೂ ಹೊರಬಿದ್ದವು. ಸೂಚಿಯಿಲ್ಲದ ಭಂಡಾರವು ಬೀಗದ ಕೈ ಕಳೆದ ಪೆಟ್ಟಿಗೆಯಂತೆ. ಆದುದರಿಂದ ಈ ಪರಿಶ್ರಮವು ಸರ್ವಥಾ ಶ್ಲಾಘ್ಯವಾಗಿದೆ. ಆದರೆ ಸೂಚಿಯು ಇಂಗ್ಲಿಷಿನಲ್ಲಿದ್ದು ಗ್ರಂಥನಾಮಗಳು ರೋಮನ್ ಲಿಪಿಯಲ್ಲಿವೆ. ಐರೋಪ್ಯ ಪಂಡಿತನಿಗೆ ಇದು ಸುಗಮ. ಟಿಬೆಟೀ ಅಕ್ಷರದಲ್ಲಿಯೇ ಹುಟ್ಟಿ ಬೆಳೆದ ಭಿಕ್ಷುವಿಗೂ ನಾಗರಿಯಲ್ಲಿ ಶಾಸ್ತ್ರವನ್ನು ಓದುವ ಶಾಸ್ತ್ರಿಗೂ ಇದು ಒಂದು ಗೋಡೆ. ಯಾರ ಗ್ರಂಥವೋ ಅವರಿಗೆ ಓದಲು ಬರುವಂತೆ ಸೂಚಿಯಿರಬೇಕೆಂಬುದು ಎರವಲಿನ ಮೊದಲನೆಯ ನ್ಯಾಯ.

೨. ಎರವಲಿನ ಮೂರು ಬಗೆ

ಟಿಬೆಟ್ಟಿನ ಗ್ರಂಥಗಳನ್ನು ಹೊರಗಿನವರು ಉಪಯೋಗಿಸಿದ ಕ್ರಮವು ಮೂರು ಬಗೆಯದು. ಮೊದಲನೆಯದು ಇದ್ದೆಡೆಯಲ್ಲಿಯೇ ಕುಳಿತು ಓದುವದು. ಪಿಸ್ತೋಯಾ ಪಟ್ಟಣದ ಪಾದ್ರಿ ಇಪ್ಪೋಲಿತೊ ದೆಸಿದೇರಿಯು ೧೭೧೬ರ ಮಾರ್ಚಿಯಲ್ಲಿ ಲ್ಹಾಸಾ ನಗರವನ್ನು ಮುಟ್ಟಿದನು. ದೊರೆ ಲ್ಹಾಜಾಂಗ್ ಖಾನನು ಅವನ ಮತವನ್ನು ಕೇಳಿ, ಮೊದಲು ಇಲ್ಲಿಯ ಶಾಸ್ತ್ರವನ್ನು ಓದಬೇಕೆಂದು ಅವನಿಗೆ ವಿಧಿಸಿದನು. ಅದರಂತೆ ಅವನು ೧೭೧೭ರಲ್ಲಿ ರಾಮೋಛೆಯಲ್ಲಿಯೂ ಅನಂತರ ಸೆರಾ ವಿದ್ಯಾಪೀಠದಲ್ಲಿಯೂ ಗ್ರಂಥಗಳನ್ನು ಓದಿ, ವಾದಸಭೆಗಳಲ್ಲಿ ಕುಳಿತನು. ಅದೇ ವರ್ಷದ ಕೊನೆಗೆ ಜುಂಗಾರರ ದಾಳಿಯಾಗಲು ಲ್ಹಾಸಾವನ್ನು ಬಿಟ್ಟು ದಕ್ಪೋ ಪ್ರಾಂತದಲ್ಲಿ ನಿಂತು ಅಧ್ಯಯನವನ್ನು ಮುಂದುವರಿಸಿದನು. ಅವನ ಉದ್ದೇಶವು ಖಂಡನೆ. ಆದರೂ ಪುನರ್ಜನ್ಮ, ಶೂನ್ಯತೆಗಳ ಖಂಡನೆಯನ್ನು ಅವನು ಟಿಬೆಟೀ ಭಾಷೆಯಲ್ಲಿಯೇ, ಅವರ ವಾದಸರಣಿಯಲ್ಲಿಯೇ, ಅವರ ಆಗಮಗಳನ್ನೇ ಪ್ರಮಾಣವಾಗಿಟ್ಟುಕೊಂಡು ಬರೆದನು. ಎದುರಾಳಿಯ ಗ್ರಂಥವನ್ನು ಎದುರಾಳಿಯಷ್ಟೇ ಚೆನ್ನಾಗಿ ಓದಿ ಪೂರ್ವಪಕ್ಷವನ್ನು ರಚಿಸತಕ್ಕದ್ದೆಂಬುದು ಭಾರತೀಯ ಶಾಸ್ತ್ರಕಾರರ ನಿಯಮವಷ್ಟೆ. ದೂರದೇಶದ ಪಾದ್ರಿಯು ಅರಿತೋ ಅರಿಯದೆಯೋ ಅದನ್ನೇ ಪಾಲಿಸಿದನು. ಅವನು ೧೭೩೩ರಲ್ಲಿ ತೀರಿಕೊಂಡನು. ಅವನ ಟಿಬೆಟೀ ಗ್ರಂಥಗಳು ಇಟಾಲಿಯನ್ ಅನುವಾದದೊಡನೆ ಅಚ್ಚಾದದ್ದು ೧೯೮೦ರ ದಶಕದಲ್ಲಿ. ಯಾರಿಗಾಗಿ ಬರೆಯಲ್ಪಟ್ಟವೋ ಆ ಓದುಗರನ್ನು ಮುಟ್ಟದೆ ಎರಡೂವರೆ ಶತಮಾನ ರೋಮಿನ ಪೆಟ್ಟಿಗೆಯಲ್ಲಿದ್ದವು. ಹೀಗೆ ಪಡೆದುಕೊಳ್ಳುವದರಲ್ಲಿ ದೆಸಿದೇರಿಯು ಆದರ್ಶನು. ಮರಳಿಸುವದು ಅವನಿಗೆ ಸಾಧ್ಯವಾಗಲಿಲ್ಲ.

ಎರಡನೆಯದು ಪ್ರತಿಯನ್ನು ಮಾತ್ರ ತರುವದು. ರಾಹುಲ ಸಾಂಕೃತ್ಯಾಯನರು ೧೯೩೦ರ ದಶಕದಲ್ಲಿ ಟಿಬೆಟ್ಟಿನ ಮಠಗಳಲ್ಲಿ ಸಂಸ್ಕೃತ ತಾಳೆಗರಿಗಳನ್ನು ಕಂಡು, ನಕಲುಮಾಡಿಯೂ ಛಾಯಾಚಿತ್ರ ತೆಗೆದೂ ಪಾಟಣೆಗೆ ತಂದರು. ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’ದ ಮೂಲವು ಪುನಃ ಬೆಳಕಿಗೆ ಬಂದುದು ಹೀಗೆಯೇ. ತುಚ್ಚಿಯೂ ಇಂಥ ಛಾಯಾಚಿತ್ರಗಳನ್ನು ತೆಗೆಯಿಸಿದ್ದನು.

ಮೂರನೆಯದು ಪೋಥಿಯನ್ನೇ ಒಯ್ಯುವದು. ತುಚ್ಚಿ ಭಂಡಾರದ ಬಹುಭಾಗವು ಈ ಬಗೆಯದು. ಬಡ ಮಠದ ಗ್ರಂಥವನ್ನು ಸಿರಿವಂತ ರಾಷ್ಟ್ರವು ಒಯ್ದಾಗ ಕೊಟ್ಟವನ ಸಮ್ಮತಿಯು ಎಷ್ಟು ಸ್ವತಂತ್ರವಾಗಿದ್ದಿತೆಂಬ ಪ್ರಶ್ನೆಯು ನ್ಯಾಯವಾದುದು. ಆದರೆ ೧೯೫೯ರ ತರುವಾಯ, ವಿಶೇಷವಾಗಿ ೧೯೬೬ರಿಂದ ೧೯೭೬ರವರೆಗೆ, ಟಿಬೆಟ್ಟಿನ ಅಸಂಖ್ಯ ಮಠಗಳೂ ಗ್ರಂಥರಾಶಿಗಳೂ ನಾಶವಾದವು. ಒಯ್ದವನು ಉಳಿಸಿದವನೂ ಆದನು. ಈ ಉಪಕಾರದಿಂದ ಋಣವು ಹೆಚ್ಚಿತಲ್ಲದೆ ತೀರಲಿಲ್ಲ. ಉಳಿಸಿಕೊಂಡವನ ಮೇಲೆ ತೆರೆದು ತೋರಿಸುವ ಭಾರವು ಬಿದ್ದಿತು. ತುಚ್ಚಿಯು ತನ್ನ ಪಾಲನ್ನು ಸಲ್ಲಿಸದೆ ಇರಲಿಲ್ಲ. ನಾಗಾರ್ಜುನನ ‘ರತ್ನಾವಲಿ’ಯ ಸಂಸ್ಕೃತ ಭಾಗಗಳನ್ನು ೧೯೩೪ ಮತ್ತು ೧೯೩೬ರಲ್ಲಿ, ಕಮಲಶೀಲನ ಮೊದಲನೆಯ ‘ಭಾವನಾಕ್ರಮ’ವನ್ನು ೧೯೫೮ರಲ್ಲಿ ಅವನು ಪ್ರಕಟಿಸಿದನು.

೩. ಮುಂಡಗೋಡದ ಸನ್ನಿವೇಶ

ಮುಂಡಗೋಡದಲ್ಲಿ ಟಿಬೆಟೀ ನಿರಾಶ್ರಿತರ ವಸತಿಯು ೧೯೬೬ರಲ್ಲಿ ಸ್ಥಾಪಿತವಾಯಿತು. ಮುಂದೆ ಡ್ರೆಪುಂಗ್ ಮತ್ತು ಗಾಂದೆನ್ ಎಂಬ ಎರಡು ಮಹಾವಿದ್ಯಾಪೀಠಗಳು ಅಲ್ಲಿ ಪುನಃಪ್ರತಿಷ್ಠೆಗೊಂಡವು. ಅಶೋಕನ ಕಾಲದ ಧರ್ಮಪ್ರಚಾರವನ್ನು ಹೇಳುವಾಗ ‘ಮಹಾವಂಸ’ವು ರಕ್ಖಿತ ಸ್ಥವಿರನನ್ನು ವನವಾಸ ದೇಶಕ್ಕೆ ಕಳುಹಿಸಿದುದನ್ನು ಹೇಳುತ್ತದೆ. ಬನವಾಸಿಯ ಆ ಸೀಮೆಗೆ ಬೌದ್ಧಶಾಸ್ತ್ರವು ಎರಡು ಸಾವಿರ ವರ್ಷಗಳ ಮೇಲೆ ಹಿಮಾಲಯವನ್ನು ಸುತ್ತಿ ಮರಳಿ ಬಂದುದು ಅದ್ಭುತವೇ ಸರಿ.

ಈ ಪೀಠಗಳಲ್ಲಿ ಹದಿನೈದು ಇಪ್ಪತ್ತು ವರ್ಷ ನಡೆಯುವ ಪಾಠಕ್ರಮದ ಐದು ಮೂಲಗಳು ಇಂತಿವೆ: ‘ಪ್ರಮಾಣವಾರ್ತಿಕ’, ‘ಅಭಿಸಮಯಾಲಂಕಾರ’, ಚಂದ್ರಕೀರ್ತಿಯ ‘ಮಧ್ಯಮಕಾವತಾರ’, ವಸುಬಂಧುವಿನ ‘ಅಭಿಧರ್ಮಕೋಶ’, ಗುಣಪ್ರಭನ ‘ವಿನಯಸೂತ್ರ’. ಐದೂ ಭಾರತದಲ್ಲಿ ಹುಟ್ಟಿದವುಗಳೇ. ಕನ್ನಡನಾಡಿನ ಪಾಠಶಾಲೆಗಳಲ್ಲಿ ಬೌದ್ಧನು ಪ್ರಾಯಶಃ ಪೂರ್ವಪಕ್ಷದ ನಾಲ್ಕು ಪಂಕ್ತಿಗಳಲ್ಲಿ ಮಾತ್ರ ಬದುಕಿದ್ದಾನೆ. ಮುಂಡಗೋಡದಲ್ಲಿ ಅವನು ಜೀವಂತನಾಗಿ, ಕೈ ತಟ್ಟಿ ವಾದಮಾಡುತ್ತಾನೆ. ರೋಮಿನಂಥ ಭಂಡಾರದಲ್ಲಿ ಪ್ರಾಚೀನ ಪೋಥಿಯನ್ನು ಮನೆಗೆ ಕೊಡುವ ವಾಡಿಕೆಯಿಲ್ಲ. ಅಲ್ಲಿಯೇ ಓದಬೇಕು, ಇಲ್ಲವೆ ಪ್ರತಿಯನ್ನು ಬೇಡಬೇಕು. ಪ್ರತಿಯು ಬಂದರೂ ಅರ್ಥವನ್ನು ಹೇಳುವ ಗುರುವು ಅದರೊಡನೆ ಬರುವದಿಲ್ಲ. ಆ ಗುರುವು ಹಳಿಯಾಳ, ದಾಂಡೇಲಿ, ಜೋಯಿಡಾಗಳ ಅಧ್ಯಾಪಕನಿಗೆ ನೆರೆಯಲ್ಲಿಯೇ ಇದ್ದಾನೆ. ಕಾಗದದ ಗಿರಣಿಯಿಂದ ಹೆಸರಾದ ದಾಂಡೇಲಿಯಲ್ಲಿ ಕಾಗದಕ್ಕೆ ಬರವಿಲ್ಲ. ಪ್ರತಿಮಾಡಿಕೊಳ್ಳುವ ಅಪೇಕ್ಷೆಯೇ ಬೇಕಾದುದು.

೪. ಕನ್ನಡಕ್ಕೆ ಪ್ರಯೋಜನ

ಇದರಿಂದ ಸಾಹಿತ್ಯದ ಅಧ್ಯಾಪಕನಿಗೆ ಲಾಭವೇನೆಂದು ಕೇಳಬಹುದು. ಒಂದು ನಿದರ್ಶನವು ಸಾಕು. ದಂಡಿಯ ‘ಕಾವ್ಯಾದರ್ಶ’ವನ್ನು ಒಂಬತ್ತನೆಯ ಶತಮಾನದಲ್ಲಿ ‘ಕವಿರಾಜಮಾರ್ಗ’ಕಾರನು ಎರವಲು ಪಡೆದನು. ಹದಿಮೂರನೆಯ ಶತಮಾನದಲ್ಲಿ ಶೊಂಗ್‌ತೋನ್ ಎಂಬ ಭಾಷಾಂತರಕಾರನು ಲಕ್ಷ್ಮೀಕರ ಪಂಡಿತನೊಡನೆ ಅದನ್ನೇ ಟಿಬೆಟೀ ಭಾಷೆಗೆ ತಂದನು. ಅದು ‘ತೆಂಗ್ಯೂರ್’ ಶಾಸ್ತ್ರಸಮುಚ್ಚಯದಲ್ಲಿ ಸೇರಿದೆ. ಟಿಬೆಟಿಗನು ಪದಕ್ಕೆ ಪದವನ್ನಿಟ್ಟನು. ಮಾರ್ಗಕಾರನು ಹಾಗೆ ಮಾಡಲಿಲ್ಲ. ದಂಡಿಯು ಗ್ರಂಥದ ಕೊನೆಗಿಟ್ಟ ದೋಷವಿಚಾರವನ್ನು ಮೊದಲಿಗೆ ತಂದನು. ಶಬ್ದಾಲಂಕಾರವನ್ನು ಅರ್ಥಾಲಂಕಾರಕ್ಕಿಂತ ಮುಂಚೆ ಇರಿಸಿದನು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನೂ ಅದರ ನುಡಿಯನ್ನೂ ಶಾಸ್ತ್ರದೊಳಕ್ಕೆ ಬರಮಾಡಿಕೊಂಡನು. ಒಬ್ಬನದು ನ್ಯಾಸರಕ್ಷಣೆ, ಮತ್ತೊಬ್ಬನದು ಬಂಡವಾಳದ ವೃದ್ಧಿ.

ಪಾಠನಿರ್ಣಯದಲ್ಲಿ ಈ ಇಬ್ಬರು ಸಾಕ್ಷಿಗಳೂ ಪರಸ್ಪರ ಪೂರಕರು. ಕನ್ನಡದ ಸಾಕ್ಷ್ಯವು ಕಾಲದಲ್ಲಿ ಹಿರಿದು, ಪದದಲ್ಲಿ ಸಡಿಲು. ಟಿಬೆಟೀ ಸಾಕ್ಷ್ಯವು ಕಾಲದಲ್ಲಿ ಕಿರಿದು, ಪದದಲ್ಲಿ ಬಿಗಿ. ಮಾರ್ಗಕಾರನು ದಂಡಿಯಿಂದ ಅಗಲಿದನೆಂದು ತೋರುವ ಸ್ಥಳಗಳಲ್ಲಿ, ಅವನು ಬುದ್ಧಿಪೂರ್ವಕವಾಗಿ ಅಗಲಿದನೋ ಅವನ ಮುಂದಿದ್ದ ಪಾಠವೇ ಬೇರೆಯಿದ್ದಿತೋ ಎಂಬುದನ್ನು ಪರೀಕ್ಷಿಸಲು ಟಿಬೆಟೀ ಪಾಠವು ಒಂದು ಒರೆಗಲ್ಲಾಗಬಹುದು. ಅನುಕೂಲಚಂದ್ರ ಬ್ಯಾನರ್ಜಿಯವರು ಸಂಸ್ಕೃತ, ಟಿಬೆಟೀ ಪಾಠಗಳೆರಡನ್ನೂ ೧೯೩೯ರಲ್ಲಿಯೇ ಕಲಕತ್ತೆಯಿಂದ ಅಚ್ಚು ಮಾಡಿಸಿದರು. ಕನ್ನಡದ ಪಾಠವನ್ನು ಅವುಗಳ ಪಕ್ಕದಲ್ಲಿ ಶ್ಲೋಕಶಃ ಇಡುವ ಕೆಲಸವು ಕನ್ನಡಿಗರದೇ ಆಗಿದೆ. ಟಿಬೆಟೀ ಟೀಕೆಗಳನ್ನು ರೋಮ್ ಮೊದಲಾದ ಭಂಡಾರಗಳ ಸೂಚಿಗಳಲ್ಲಿ ಹುಡುಕಿ, ಪ್ರತಿಯನ್ನು ತರಿಸಿ, ಮುಂಡಗೋಡದ ಆಚಾರ್ಯರ ಮುಂದೆ ಕುಳಿತು ಓದುವದು ಅದಕ್ಕೆ ಸರಿಯಾದ ಮಾರ್ಗ.

ಎರವಲಿನ ಧರ್ಮವು ಸಂಕ್ಷೇಪದಲ್ಲಿ ಇಷ್ಟು: ಯಾರಿಂದ ಪಡೆದುದೆಂದು ಹೇಳಬೇಕು, ಬಲ್ಲವರ ಬಾಯಿಂದ ಅರ್ಥವನ್ನು ಕೇಳಬೇಕು, ಓದಿದ ಫಲವು ಕೊಟ್ಟವರಿಗೂ ಮುಟ್ಟುವಂತೆ ಮಾಡಬೇಕು. ಇಟಲಿಯವರು ಮೊದಲನೆಯದನ್ನು ಚೆನ್ನಾಗಿ ನಡೆಯಿಸಿದ್ದಾರೆ, ಮೂರನೆಯದು ಅರ್ಧ ಸಂದಿದೆ. ಎರಡನೆಯದಕ್ಕೆ ಕನ್ನಡ ವಿದ್ವಾಂಸನಿಗಿರುವ ಅನುಕೂಲತೆಯು ರೋಮಿನ ಪಂಡಿತನಿಗೂ ಇಲ್ಲ. ಅದನ್ನು ಬಳಸದೆ ಬಿಟ್ಟರೆ, ಮಾರ್ಗಕಾರನು ಬೆಳೆಸಿಕೊಟ್ಟ ಬಂಡವಾಳದ ಬಡ್ಡಿಯು ಬೆಳೆಯುತ್ತಲೇ ಹೋಗುವದು.