ಟ್ರಸ್ ರಾಡಿನ ಮೇಲೆ ಹೊರಿಸಿದ ಕೆಲಸ

ಎಲೆಕ್ಟ್ರಿಕ್ ಗಿಟಾರಿನ ತಂತಿ ಫ್ರೆಟ್ಟಿನಿಂದ ತೀರಾ ಮೇಲಿದ್ದು ಬೆರಳು ನೋಯತೊಡಗಿದರೆ ಮೊದಲು ಸಿಗುವ ಸಲಹೆ ‘ಟ್ರಸ್ ರಾಡ್ ಬಿಗಿ ಮಾಡಿ’ ಎಂಬುದು. ಸ್ವಲ್ಪ ಓದಿಕೊಂಡವರು ಇದನ್ನು ತಿದ್ದುತ್ತಾರೆ: ರಾಡ್ ಇರುವುದು ನೆಕ್ಕಿನ ಬಾಗು ಸರಿಪಡಿಸಲು, ಎತ್ತರಕ್ಕೆ ಬ್ರಿಡ್ಜಿನ ಸ್ಯಾಡಲ್ ಇದೆ. ಎರಡನೆಯ ಮಾತು ಮೊದಲನೆಯದಕ್ಕಿಂತ ಎಷ್ಟೋ ವಾಸಿ. ಆದರೂ ನನ್ನ ತಕರಾರು ಎರಡರ ಮೇಲೂ ಇದೆ. ನೆಕ್ಕಿಗೆ ಬಾಗು ಇರುವಂತೆ ಬಾಡಿಯ ಜೊತೆ ಒಂದು ಕೋನವೂ ಇದೆ. ಸ್ಕ್ರೂ ಹಾಕಿ ನೆಕ್ ಕೂರಿಸುವ ಫೆಂಡರ್ ಮಾದರಿಯ ಗಿಟಾರುಗಳಲ್ಲಿ, ಸ್ಯಾಡಲ್ ಪೂರಾ ಇಳಿಸಿದರೂ ತಂತಿ ಬಗ್ಗುವುದಿಲ್ಲ ಎನ್ನುವಾಗ ನೋಡಬೇಕಾದದ್ದು ಆ ಕೋನವನ್ನು. ಅದನ್ನು ತಿದ್ದುವ ಶಿಮ್ಮನ್ನು, ಅಂದರೆ ನೆಕ್ಕಿನ ಬುಡಕ್ಕೆ ಕೊಡುವ ತೆಳು ಪಟ್ಟಿಯನ್ನು, ನಾವು ಕಳಪೆ ತೇಪೆ ಎಂದು ಹೀಗಳೆಯುತ್ತ ಬಂದಿದ್ದೇವೆ. ಇದು ಅನ್ಯಾಯ ಎಂಬುದು ನನ್ನ ವಾದ.

ರಾಡಿನ ಬಗ್ಗೆ ನನಗೆ ಗೌರವವಿದೆ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ 1921ರಲ್ಲಿ ಅರ್ಜಿ ಹಾಕಿ 1923ರಲ್ಲಿ ಪಡೆದ ಪೇಟೆಂಟ್ ಇಲ್ಲದಿದ್ದರೆ ಇವತ್ತಿನ ತೆಳ್ಳನೆಯ ನೆಕ್ಕುಗಳನ್ನು ನೆಚ್ಚಿಕೊಳ್ಳುವುದು ಕಷ್ಟವಿತ್ತು. ಸ್ಟ್ರಾಟೋಕಾಸ್ಟರಿನ 648 ಮಿ.ಮೀ. ಸ್ಕೇಲಿನ ಮೇಲೆ 10–46ರ ಸೆಟ್ ಹಾಕಿ ಶ್ರುತಿ ಮಾಡಿದರೆ ಆರು ತಂತಿಗಳು ಸೇರಿ 45 ಕಿಲೋಗೂ ಹೆಚ್ಚಿನ ಭಾರದಲ್ಲಿ ನೆಕ್ಕನ್ನು ಎಳೆಯುತ್ತವೆ. ಗಟ್ಟಿ ಮೇಪಲ್ ಮರಕ್ಕೆ ರಾಡ್ ಬೇಡವೆಂದು ಲಿಯೋ ಫೆಂಡರ್ ನಂಬಿದ್ದರು. 1950ರ ಮೊದಮೊದಲ ಎಸ್ಕ್ವೈರ್‌ಗಳು ರಾಡ್ ಇಲ್ಲದೆಯೇ ಹೊರಬಂದವು. ಅದೇ ವರ್ಷ ಅವರು ಮನಸ್ಸು ಬದಲಿಸಬೇಕಾಯಿತು. ಆದರೆ ರಾಡ್ ಸೆಣಸುವುದು ತಂತಿಯ ಎಳೆತದ ಜೊತೆ, ಅದೂ ನೆಕ್ಕಿನ ನಡುಭಾಗದಲ್ಲಿ. ಬಾಡಿಯೊಳಗೆ ಕೂತ ಬುಡದ ಭಾಗ ಅದರ ಮಾತು ಕೇಳುವುದಿಲ್ಲ.

ಹಾಗಿದ್ದರೂ ಈ ತಪ್ಪು ನಂಬಿಕೆ ಯಾಕೆ ಸಾಯುವುದಿಲ್ಲ? ಅದರಲ್ಲಿ ಅರ್ಧ ನಿಜವಿರುವುದರಿಂದ. ರಾಡ್ ಬಿಗಿ ಮಾಡಿದರೆ ನೆಕ್ಕಿನ ಮುಂಬಾಗು ಕಡಿಮೆಯಾಗಿ 12ನೇ ಫ್ರೆಟ್ಟಿನ ಮೇಲಿನ ತಂತಿಯೂ ಇಳಿಯುತ್ತದೆ. ‘ರಾಡಿಗೂ ಆಕ್ಷನ್ನಿಗೂ, ಅಂದರೆ ತಂತಿಯ ಎತ್ತರಕ್ಕೂ, ಸಂಬಂಧವೇ ಇಲ್ಲ’ ಎಂದು ಪಾಠ ಹೇಳುವವರು ಇಲ್ಲಿ ಎಡವುತ್ತಾರೆ. ಕಣ್ಣೆದುರೇ ತಂತಿ ಇಳಿದದ್ದನ್ನು ಕಂಡವನು ಅವರ ಮಾತನ್ನು ನಂಬುವುದಾದರೂ ಹೇಗೆ? ಹೇಳಬೇಕಾದದ್ದು ಬೇರೆ: ಇಳಿಯುತ್ತದೆ, ಆದರೆ ಅದಕ್ಕೆ ತೆರುವ ಬೆಲೆ ಬಾಗು. ತಂತಿ ಕಂಪಿಸಲು ಜಾಗ ಬೇಕೆಂದೇ ನೆಕ್ಕಿನಲ್ಲಿ ರಿಲೀಫ್ ಎಂಬ ಸಣ್ಣ ಬಾಗು ಬಿಡುತ್ತಾರೆ. ಒಂದನೇ ಫ್ರೆಟ್ಟಿಗೆ ಕೇಪೋ ಹಾಕಿ, ಕೊನೆಯ ಫ್ರೆಟ್ಟನ್ನು ಒತ್ತಿಹಿಡಿದು, 8ನೇ ಫ್ರೆಟ್ಟಿನ ಮೇಲೆ ಫೀಲರ್ ಗೇಜ್ ತೂರಿಸಿ ನೋಡಿದರೆ 0.25 ಮಿ.ಮೀ. ಆಸುಪಾಸು ಇರಬೇಕು. ಆ ಅಳತೆ ಸರಿಯಿದ್ದೂ ತಂತಿ ಎತ್ತರವಾಗಿದ್ದರೆ ರಾಡಿನ ಕೆಲಸ ಅಲ್ಲಿಗೆ ಮುಗಿಯಿತು.

ಬೆಂಗಳೂರಿನಲ್ಲಿ ನಾನು ಕೊಂಡ ಸೆಕೆಂಡ್ ಹ್ಯಾಂಡ್ ಸ್ಟ್ರಾಟ್ ಮಾದರಿಯ ಗಿಟಾರ್ ನನಗೆ ಇದನ್ನು ಕಲಿಸಿತು. 12ನೇ ಫ್ರೆಟ್ಟಿನಲ್ಲಿ ದಪ್ಪ ತಂತಿ 2.6 ಮಿ.ಮೀ. ಎತ್ತರದಲ್ಲಿತ್ತು. ಸ್ಯಾಡಲ್‌ಗಳು ಬ್ರಿಡ್ಜಿನ ತಗಡಿಗೆ ಅಂಟಿದಂತೆ ಕೂತಿದ್ದವು, ಅವುಗಳ ಪುಟ್ಟ ಸ್ಕ್ರೂಗಳು ಮೇಲೆ ಚಾಚಿ ಅಂಗೈಗೆ ಚುಚ್ಚುತ್ತಿದ್ದವು. ರಿಪೇರಿಯವರೊಬ್ಬರು ಅಳತೆ ನೋಡದೆ ರಾಡ್ ಬಿಗಿದು ಕೊಟ್ಟರು. ತಂತಿ 2.2ಕ್ಕೆ ಇಳಿಯಿತು. ಜೊತೆಗೆ ಮೊದಲ ನಾಲ್ಕು ಫ್ರೆಟ್ಟುಗಳಲ್ಲಿ ಯಾವ ಸ್ವರ ಹಿಡಿದರೂ ಕರಕರ ಶುರುವಾಯಿತು, ನೆಕ್ ಹಿಮ್ಮುಖವಾಗಿ ಬಾಗಿತ್ತು. 15ನೇ ಫ್ರೆಟ್ಟಿನಿಂದಾಚೆ ಮಾತ್ರ ಮೊದಲಿನ ಹಾಗೆಯೇ ಬೆಟ್ಟ ಹತ್ತಿದಂತೆ. ಕೆಳಗೆ ತಂತಿ ಫ್ರೆಟ್ಟಿಗೆ ತಾಗುತ್ತದೆ, ಮೇಲೆ ಕೈಗೆಟುಕುವುದಿಲ್ಲ. ಕೋನ ಕೆಟ್ಟಿದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಗಿಟಾರ್ ಹೇಳಲಾರದು.

ಕೋನದ ಲೆಕ್ಕ ಸೊಗಸಾಗಿದೆ. ನೆಕ್ ಕೂರುವ ಗುಳಿಯ ಉದ್ದ ಸುಮಾರು 75 ಮಿ.ಮೀ., ಗುಳಿಯ ಬಾಯಿಯಿಂದ ಸ್ಯಾಡಲ್‌ವರೆಗಿನ ದೂರ ಅದರ ಮೂರು ಪಟ್ಟಿಗೂ ಹೆಚ್ಚು. ಹಾಗಾಗಿ ಗುಳಿಯ ಹಿಂತುದಿಯಲ್ಲಿ ಇಟ್ಟ ಸಣ್ಣ ದಪ್ಪ ಬ್ರಿಡ್ಜಿನ ಹತ್ತಿರ ಮೂರೂವರೆ ಪಟ್ಟಿನಷ್ಟು ಹಿಗ್ಗುತ್ತದೆ. ಇದು ನನ್ನ ಆವಿಷ್ಕಾರವೇನಲ್ಲ. ಫೆಂಡರ್ ಕಂಪನಿಯ ಸೆಟಪ್ ಸೂಚನೆಯಲ್ಲೇ ಶಿಮ್ಮಿನ ಅಳತೆ ಇದೆ: 6.4 ಮಿ.ಮೀ. ಅಗಲ, 44.5 ಮಿ.ಮೀ. ಉದ್ದ, 0.25 ಮಿ.ಮೀ. ದಪ್ಪ. ಇಷ್ಟು ಇಟ್ಟರೆ ಸ್ಯಾಡಲನ್ನು ಸುಮಾರು 0.8 ಮಿ.ಮೀ. ಎತ್ತಲು ಅವಕಾಶ ಸಿಗುತ್ತದೆ. 1970ರ ದಶಕದ ಆರಂಭದಲ್ಲಿ ಅದೇ ಕಂಪನಿ ಮೈಕ್ರೋ-ಟಿಲ್ಟ್ ಎಂಬ ಸ್ಕ್ರೂ ತಂದು, ನೆಕ್ ಕಳಚದೆಯೇ ಕೋನ ಬದಲಿಸುವ ದಾರಿ ಮಾಡಿತು. ಅದರ ಜೊತೆಗೆ ಬಂದ ಮೂರು ಸ್ಕ್ರೂಗಳ ಜೋಡಣೆ ಸಡಿಲವೆಂದು ಕೆಟ್ಟ ಹೆಸರು ಪಡೆಯಿತು, ಆ ಹೆಸರಿನಡಿ ಒಂದು ಒಳ್ಳೆಯ ಯೋಚನೆಯೂ ಹೂತುಹೋಯಿತು. ಕೋನವನ್ನು ತಿದ್ದಬೇಕಾಗಿ ಬರುತ್ತದೆ ಎಂದು ತಯಾರಕರೇ ಒಪ್ಪಿದ ಮೇಲೆ, ಶಿಮ್ ಕಂಡ ಕೂಡಲೇ ‘ಇದು ಡಿಫೆಕ್ಟಿವ್ ಪೀಸು’ ಎನ್ನುವುದಕ್ಕೆ ಆಧಾರವೇನು?

ಎದುರು ವಾದಗಳಲ್ಲಿ ಪ್ರಬಲವಾದದ್ದು ನಾದದ್ದು. ಮರಕ್ಕೆ ಮರ ತಾಗದಿದ್ದರೆ ಸಸ್ಟೇನ್ ಹೋಗುತ್ತದೆ, ನಾದ ಸೊರಗುತ್ತದೆ ಎನ್ನುತ್ತಾರೆ. ನಾಲ್ಕು ಸ್ಕ್ರೂಗಳು ಅದುಮಿ ಹಿಡಿದ ಜೋಡಣೆಯಲ್ಲಿ ಕಾರ್ಡಿನಷ್ಟು ದಪ್ಪದ ಪಟ್ಟಿ ಕಿವಿಗೆ ಗೊತ್ತಾಗುವಂಥ ನಷ್ಟ ತರುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಜನ ಕೈಮುಗಿದು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ 60ರ ದಶಕದ ಫೆಂಡರ್‌ಗಳನ್ನು ಬಿಚ್ಚಿದಾಗಲೂ ಕಾರ್ಖಾನೆಯಲ್ಲೇ ಇಟ್ಟ ಶಿಮ್ಮುಗಳು ಸಿಗುತ್ತವೆ. ನಮ್ಮ ತಂಬೂರಿಯ ನಾದ ಅರಳುವುದೇ ಕುದುರೆಯ ಮೇಲೆ ತಂತಿಯಡಿಗೆ ಸಿಕ್ಕಿಸುವ ನೂಲಿನಿಂದ. ಅದನ್ನು ತೇಪೆ ಎಂದವರನ್ನು ನಾನು ಕಂಡಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ತಲೆಬಾಗುತ್ತೇನೆ. ಒಂದೇ ತುದಿಯಲ್ಲಿ ಪಟ್ಟಿ ಇಟ್ಟರೆ ನಡುವೆ ಪೊಳ್ಳು ಉಳಿಯುತ್ತದೆ, ವರ್ಷಗಟ್ಟಲೆ ಸ್ಕ್ರೂ ಒತ್ತಡ ಬಿದ್ದು ನೆಕ್ಕಿನ ಕೊನೆಯ ಫ್ರೆಟ್ಟುಗಳು ಮೇಲೇಳಬಹುದು ಎಂಬ ಭಯ ಅನುಭವಿಗಳಲ್ಲಿದೆ. ಇದಕ್ಕೆ ಉತ್ತರ ಶಿಮ್ಮನ್ನು ಬಿಡುವುದಲ್ಲ, ಒಳ್ಳೆಯ ಶಿಮ್ ಹಾಕುವುದು. ಗುಳಿಯ ತಳವನ್ನು ಪೂರ್ತಿ ತುಂಬುವ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಳಿಜಾರಾದ ಮೇಪಲ್ ತುಂಡುಗಳು 0.25, 0.5, 1 ಡಿಗ್ರಿಗಳಲ್ಲಿ ಸಿಗುತ್ತವೆ. ನಾನೂ ರಾಡನ್ನು ಸಡಿಲಿಸಿ ರಿಲೀಫ್ ಸರಿಪಡಿಸಿದೆ, ರಟ್ಟಿನಲ್ಲಿ ಪರೀಕ್ಷೆ ಮಾಡಿದೆ, ಕೊನೆಗೆ 0.5 ಡಿಗ್ರಿಯ ಮೇಪಲ್ ಕೂರಿಸಿದೆ. ಸ್ಯಾಡಲನ್ನು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚೇ ಎತ್ತಿದ ಮೇಲೂ 12ನೇ ಫ್ರೆಟ್ಟಿನಲ್ಲಿ ತಂತಿ 1.8ಕ್ಕೆ ಬಂತು.

ಗಿಬ್ಸನ್ ಲೆಸ್ ಪಾಲ್ ಇಟ್ಟುಕೊಂಡವರಿಗೆ ಈ ದಾರಿಯಿಲ್ಲ. ಅಲ್ಲಿ ನೆಕ್ಕನ್ನು ಹಿಂದಕ್ಕೆ ವಾಲಿಸಿ ಅಂಟು ಹಾಕಿರುತ್ತಾರೆ. ಆ ಕೋನ ತಪ್ಪಿದ್ದರೆ, ಬ್ರಿಡ್ಜ್ ಇಳಿಸಲು ಜಾಗ ಮುಗಿದ ಮೇಲೆ, ಅಂಟು ಬಿಡಿಸಿ ನೆಕ್ಕನ್ನು ಮತ್ತೆ ಕೂರಿಸಬೇಕು. ಅದು ಪಳಗಿದ ಕೈ ಬೇಡುವ, ದುಬಾರಿ ಕೆಲಸ. ಅದೇ ಕೆಲಸವನ್ನು ಸ್ಕ್ರೂ ಡ್ರೈವರ್ ಹಿಡಿದು ಅರ್ಧ ಗಂಟೆಯಲ್ಲಿ ಮಾಡುವ ಅವಕಾಶವನ್ನು ಲಿಯೋ ಫೆಂಡರ್ ಕೊಟ್ಟುಹೋಗಿರುವಾಗ, ನಾವು ನೆಕ್ ಕಳಚಲು ಹೆದರಿ ಕೈಗೆ ಸುಲಭವಾಗಿ ಸಿಗುವ ಆಲನ್ ಕೀಯನ್ನೇ ತಿರುಗಿಸುತ್ತ ಕೂರುತ್ತೇವೆ. ಮಿತಿಮೀರಿ ಬಿಗಿದ ರಾಡಿನ ಮರೆ ಸವೆದರೆ, ರಾಡೇ ತುಂಡಾದರೆ, ಆ ನೆಕ್ ಹೆಚ್ಚುಕಡಿಮೆ ಹೋದಂತೆಯೇ.

ಮೇಪಲ್ ಕೂರಿಸಿದ ಮೇಲೆ ಎರಡು ಮಳೆಗಾಲ ಕಳೆದವು. ತೇವ ಹೀರಿ ಮರ ಅಲುಗಾಡಿದಾಗಲೆಲ್ಲ ಗೇಜ್ ಹಿಡಿದು ನೋಡಿ, ರಾಡನ್ನು ಕಾಲು ಸುತ್ತಿಗಿಂತ ಕಡಿಮೆ ಆಚೀಚೆ ತಿರುಗಿಸಿದ್ದೇನೆ. ಸ್ಯಾಡಲ್ ಸ್ಕ್ರೂ ಒಮ್ಮೆಯೂ ಮುಟ್ಟಬೇಕಾಗಿ ಬಂದಿಲ್ಲ.